ಪೆಡಲ್ ಕಚ್ಚಿದ ಬೂಟು

ಹಾಲಿನ ಪಾಕೀಟನ್ನು ಗೇಟಿನ ಕೊಂಡಿಗೆ ತೂಗುಹಾಕಿದ ಸಪ್ಪಳಕ್ಕೆ ಆ ದಿನವೂ ಎದ್ದೆ. ಅಂಗಳಕ್ಕೆ ನೀರು ಚಿಮುಕಿಸಿ ಹೊಸ್ತಿಲ ಮುಂದೆ ಸಣ್ಣದೊಂದು ರಂಗೋಲಿ ಎಳೆದೆ. ನವನಗರದ ನಮ್ಮ ಸಾಲಿನಲ್ಲಿ ಮನೆಗಳ ಅಂಗಳವೆಲ್ಲ ಒಂದೇ ಅಳತೆ. ಯಾರ ಮನೆಯವರು ಊರಿಗೆ ಹೋಗಿದ್ದಾರೆ, ಯಾರ ಮನೆಗೆ ಬೀಗರು ಬಂದಿದ್ದಾರೆ ಎಂಬುದು ರಂಗೋಲಿ ನೋಡಿದರೇ ಗೊತ್ತಾಗುತ್ತದೆ. ಒಳಗೆ ನಮ್ಮ ಮನೆಯವರು ಲಿಂಗಪೂಜೆಗೆ ಕೂತಿದ್ದರು. ಚಹಾಕ್ಕೆ ಇಟ್ಟು, ಜೋಳದ ಹಿಟ್ಟು ಸೋಸಿ ಪರಾತದಲ್ಲಿ ಮುಚ್ಚಿಟ್ಟೆ. ರೊಟ್ಟಿ ಬಡಿಯುವುದು ನಾನು ಸೈಕಲ್ ತುಳಿದು ಬಂದ ಮೇಲೆ. ಎರಡು ವರ್ಷದಿಂದ ನಮ್ಮ ಮನೆಯಲ್ಲಿ ಇದೇ ಪದ್ಧತಿ. ಇವರು ಒಮ್ಮೆಯೂ ಬೇಡ ಅಂದಿಲ್ಲ. “ರೊಟ್ಟಿ ತಡಾ ಆದ್ರ ಆಗ್ಲಿ, ಬಿದ್ದು ಬರಬ್ಯಾಡ ಅಷ್ಟ” ಅನ್ನುತ್ತಾರೆ.

ಸೈಕಲ್ ಇರುವುದು ಮೆಟ್ಟಿಲ ಕೆಳಗೆ. ಧೂಳು ಕೂಡಬಾರದೆಂದು ಅದಕ್ಕೆ ನನ್ನ ಹಳೆಯ ಇಳಕಲ್ ಸೀರೆಯ ಅರ್ಧ ತುಂಡನ್ನು ಹೊದಿಸಿದ್ದೇನೆ. ಒಡಲೆಲ್ಲ ಸವೆದು ಜಾಳಿಗೆಯಾಗಿದ್ದರೂ ಸೆರಗಿನ ಕೆಂಪು ಮಾತ್ರ ಹೋಗಿಲ್ಲ. ಆ ಬೆಳಗ್ಗೆ ಸೀರೆ ಸರಿಸಿದಾಗ ಹೊಸ ಪೆಡಲುಗಳು ಕಂಡವು. ಹಿಂದಿನ ರಾತ್ರಿ ಊಟದ ಹೊತ್ತಿಗೆ ಸೈಕಲ್ ಅಂಗಡಿಯವರು ಅದನ್ನು ತಂದು ನಿಲ್ಲಿಸಿ ಹೋಗಿದ್ದರು, ನಾನು ಸರಿಯಾಗಿ ನೋಡಿರಲಿಲ್ಲ. ಕಾಲು ಊರುವ ಅಗಲವಾದ ಹಲಗೆಯ ಬದಲು ಅಲ್ಲಿ ಹೆಬ್ಬೆರಳಿನಷ್ಟು ಕಬ್ಬಿಣದ ತುಂಡು, ಅದರ ನಡುವೆ ಒಂದು ಸ್ಪ್ರಿಂಗು. ಬಾಗಿ ನೋಡಿದೆ. ಬಾಯಿ ತೆರೆದ ಇಕ್ಕಳದಂತಿತ್ತು.

ನನ್ನ ಗೆಳತಿಯ ಪೆಡಲುಗಳೂ ಹೀಗೇ ಇವೆ. ಅವೇ ಬೇಡ ಎಂದು ನಾನು ಅಂಗಡಿಯವರಿಗೆ ಹೇಳಿದ್ದೆ. ಹೇಳಿದ್ದೆ ಅಂತಲೇ ತಿಳಿದುಕೊಂಡಿದ್ದೆ.

ಗೆಳತಿ ಹಲ್ಲಿನ ಡಾಕ್ಟರು. ಮನೆ ವಿದ್ಯಾಗಿರಿಯಲ್ಲಿ, ನನಗಿಂತ ನಾಲ್ಕಾರು ವರ್ಷ ಸಣ್ಣವರು. ದವಡೆ ಹಲ್ಲು ತೆಗೆಸಿಕೊಳ್ಳಲು ಹೋಗಿದ್ದ ನನಗೆ, ಬಾಯಲ್ಲಿ ಹತ್ತಿ ತುಂಬಿ ಮಾತಾಡಲು ಬಾರದ ಹಾಗೆ ಕೂರಿಸಿ, “ಅಕ್ಕಾರ, ಮುಂಜಾನಿ ಸೈಕಲ್ ತುಳ್ಯಾಕ ಬರ್ರಿ ನನ್ನ ಜೋಡಿ” ಅಂದಿದ್ದರು. ಒಲ್ಲೆ ಅನ್ನಲೂ ಬಾಯಿ ಬರಲಿಲ್ಲ, ಹಾಗಾಗಿ ಒಪ್ಪಿದಂತಾಯಿತು. ಶಾಲೆಗೆ ಹೋಗುವಾಗ ಬಿಟ್ಟ ಸೈಕಲನ್ನು ನಲವತ್ತು ದಾಟಿದ ಮೇಲೆ ಮತ್ತೆ ಹತ್ತಿದ್ದು ಅವರಿಂದ. ಅಂದಿನಿಂದ ದಿನಾ ಬೆಳಗ್ಗೆ ಅವರು ನಮ್ಮ ಗೇಟಿಗೆ ಬಂದು ಗಂಟೆ ಬಾರಿಸುತ್ತಾರೆ. ಇಬ್ಬರೂ ಜೋಡಿಯಾಗಿ ಮಾತಾಡುತ್ತ ಹೋಗುತ್ತೇವೆ. ಇಳಕಲ್ ನನ್ನ ತವರು. ಕಮತಗಿ, ಹುನಗುಂದ ದಾಟಿ ಅಲ್ಲಿಯವರೆಗೆ ಸೈಕಲ್ ಮೇಲೇ ಹೋಗಿ ಅಣ್ಣನ ಹೆಂಡತಿ, ನಮ್ಮ ವೈನಿಯ ಕೈ ಊಟ ಉಣ್ಣಬೇಕು ಎಂದು ಎಷ್ಟು ಸಲ ಮಾತಾಡಿದ್ದೆವೋ. ವೈನಿಗೂ ಹೇಳಿಯಾಗಿತ್ತು. ಮರುದಿನ, ರವಿವಾರ, ಹೊರಡುವುದೆಂದು ನಿಶ್ಚಯವಾಗಿತ್ತು.

ಆದರೆ ಈ ನಡುವೆ ಡಾಕ್ಟರು ಹುಬ್ಬಳ್ಳಿಯಿಂದ ಬೂಟು ಕಚ್ಚುವ ಪೆಡಲು ಹಾಕಿಸಿಕೊಂಡು ಬಂದರು. ಅದಕ್ಕೆ ಬೇರೆ ಬೂಟು. ಬೂಟಿನ ಅಡಿಯಲ್ಲಿ ಒಂದು ಕಬ್ಬಿಣದ ಚೂರು ಇರುತ್ತದೆ. ಪೆಡಲಿನ ಮೇಲಿಟ್ಟು ಒತ್ತಿದರೆ ಟಕ್ಕೆಂದು ಕಚ್ಚಿಕೊಳ್ಳುತ್ತದೆ. ಬಿಡಿಸಿಕೊಳ್ಳಬೇಕೆಂದರೆ ಹಿಮ್ಮಡಿಯನ್ನು ಹೊರಕ್ಕೆ ತಿರುವಬೇಕು. ಅದನ್ನು ಹಾಕಿಸಿಕೊಂಡ ಮೇಲೆ ಅವರ ಓಟವೇ ಬೇರೆಯಾಯಿತು. ಕಳೆದ ತಿಂಗಳು ಬಾದಾಮಿಗೆ ಹೋದಾಗ ದಾರಿಯುದ್ದಕ್ಕೂ ನಾನು ನೋಡಿದ್ದು ಅವರ ಹಳದಿ ಅಂಗಿಯ ಬೆನ್ನನ್ನು. ಸಣ್ಣದಾಗುತ್ತ ಆಗುತ್ತ ಅದು ಸಾಸಿವೆ ಹೂವಿನಷ್ಟಾಗಿ, ಒಂದು ತಿರುವಿನಲ್ಲಿ ಮಾಯವಾಯಿತು. ನಾನು ಕೆರೆ ದಂಡೆಗೆ ಮುಟ್ಟುವಷ್ಟರಲ್ಲಿ ಅವರು ಮೆಟ್ಟಿಲ ಮೇಲೆ ಕೂತು ನನ್ನ ಪಾಲಿನ ಮಿರ್ಚಿ ಭಜಿಯನ್ನು ಕಾಗದದಲ್ಲಿ ಕಟ್ಟಿಟ್ಟು ಕಾಯುತ್ತಿದ್ದರು. ಮಿರ್ಚಿ ಆರಿತ್ತು. ಅದೇ ನನಗೆ ಚುಚ್ಚಿತು. ಇಷ್ಟು ದಿನ ಜೋಡಿ ಹೋದವರು ಇನ್ನು ಒಬ್ಬರನ್ನೊಬ್ಬರು ಕಾಯುವವರಾಗುತ್ತೇವೆ, ಆಮೇಲೆ ಒಂದು ದಿನ ಕಾಯುವುದೂ ನಿಂತುಹೋಗುತ್ತದೆ ಅನ್ನಿಸಿತು.

ಮುಂದಿನ ವಾರ ಅವರು ಒಂದು ಡಬ್ಬಿ ತಂದು ನಮ್ಮ ಚಪ್ಪಲಿ ಕಪಾಟಿನಲ್ಲಿಟ್ಟರು. “ನನಗ ಬಿಗಿ ಆದ್ವು ಇವು. ನಿಮ್ಮ ಅಳತಿ ಅದಾವ. ಮನಸ್ಸಾದಾಗ ಪೆಡಲ್ ಹಾಕ್ಸ್ರಿ, ನಾ ಜುಲುಮಿ ಮಾಡಂಗಿಲ್ಲ.” ಅದೇ ಬೂಟು, ಕಬ್ಬಿಣದ ಚೂರಿನ ಸಮೇತ. ಇವರು ಆಫೀಸಿಗೆ ಹೊರಟಾಗಲೆಲ್ಲ ಆ ಡಬ್ಬಿ ಸರಿಸಿ ತಮ್ಮ ಚಪ್ಪಲಿ ತೆಗೆದುಕೊಳ್ಳುತ್ತಿದ್ದರು. ನಾನು ಡಬ್ಬಿಯ ಮುಚ್ಚಳ ತೆಗೆಯುವುದು, ನೋಡುವುದು, ಮುಚ್ಚುವುದು. ಕಾಲು ಕಟ್ಟಿಸಿಕೊಂಡು ಸೈಕಲ್ ಹೊಡೆಯುವುದೆಂದರೆ ನನಗೆ ಹೆದರಿಕೆ.

ಕೊನೆಗೆ ಸಾದಾ ಪೆಡಲೇ ಸಾಕು ಎಂದು ತೀರ್ಮಾನಿಸಿದೆ. ಹಳೆಯವು ಸವೆದು ಮಳೆಯಲ್ಲಿ ಕಾಲು ಜಾರುತ್ತಿದ್ದವು. ಹೊಸವನ್ನು ಹಾಕಿರೆಂದು ಸೈಕಲ್ಲನ್ನು ಅಂಗಡಿಯಲ್ಲಿ ಬಿಟ್ಟು ಬಂದೆ. ಅಂದು ಮಧ್ಯಾಹ್ನ ನಾನು ಒಲೆಯ ಮುಂದಿದ್ದಾಗ ಫೋನು ಬಂತು.

“ಅಕ್ಕಾರ, ಕ್ಲಿಪ್‌ಲೆಸ್ ಹಾಕ್ಲ್ಯೋ, ಫ್ಲ್ಯಾಟ್ ಹಾಕ್ಲ್ಯೋ?”

ನಾನು ಕಾನ್ವೆಂಟಿನಲ್ಲಿ ಓದಿದವಳು. ನಮಗೆ ಇಂಗ್ಲಿಷ್ ಕಲಿಸಿದ ಸಿಸ್ಟರು ಪದದ ಬಾಲಗಳನ್ನು ಬಹಳ ಪ್ರೀತಿಯಿಂದ ಹೇಳಿಕೊಡುತ್ತಿದ್ದರು. ಬಾಲದಲ್ಲಿ ‘ಲೆಸ್’ ಬಂದರೆ ಇಲ್ಲ ಎಂದರ್ಥ. ಕೇರ್‌ಲೆಸ್, ಹೆಲ್ಪ್‌ಲೆಸ್, ಹೋಮ್‌ಲೆಸ್. ಹಾಗಿದ್ದ ಮೇಲೆ ಕ್ಲಿಪ್‌ಲೆಸ್ ಎಂದರೆ ಕ್ಲಿಪ್ಪು ಇಲ್ಲದ್ದು. ಇನ್ನು ಫ್ಲ್ಯಾಟ್ ಎಂದರೆ ನನಗೆ ಗೊತ್ತಿದ್ದದ್ದು ಪಂಕ್ಚರ್ ಆದ ಗಾಲಿ. ಗಾಲಿ ಕುಳಿತಂತೆ ಪೆಡಲೂ ಕೂರುವ ಒಂದು ಅಗ್ಗದ ನಮೂನೆ ಇರಬೇಕು ಅಂದುಕೊಂಡೆ.

“ಕ್ಲಿಪ್‌ಲೆಸ್ ಹಾಕ್ರಿ” ಅಂದೆ, ಸ್ವಲ್ಪ ಜೋರಾಗಿಯೇ.

“ಬೂಟು ಅದಾವಲ್ರಿ?”

“ಅದಾವ್ರಿ, ಮನ್ಯಾಗ ಅದಾವ.” ನಾನು ದಿನಾ ಹಾಕಿಕೊಳ್ಳುವ ಕ್ಯಾನ್ವಾಸ್ ಬೂಟಿನ ಬಗ್ಗೆ ಹೇಳಿದ್ದೆ.

ಈಗ ಮೆಟ್ಟಿಲ ಕೆಳಗೆ ಬಾಗಿ ನಿಂತು ಆ ಇಕ್ಕಳದ ಬಾಯಿ ನೋಡುತ್ತಿರುವಾಗ ಹೊರಗೆ ಗಂಟೆಯ ಸದ್ದಾಯಿತು. ಡಾಕ್ಟರು ಬಂದರು, ಬಾಗಿಲಿಂದಲೇ ಪೆಡಲು ನೋಡಿದರು. ಅವರ ಮುಖ ಅರಳಿತು.

“ಹಾಕಿಸೇಬಿಟ್ರಿ. ನನಗ ಹೇಳಲೇ ಇಲ್ಲ. ನಾಳಿ ಇಳಕಲ್ಲಿಗೆ ಜೋಡೀಲೇ ಹೋಗೂದು ನೋಡ್ರಿ ಇನ್ನ. ಬೂಟ್ ತರ್ರಿ.”

ಜೋಡೀಲೇ ಎಂದ ಮಾತು ಕೇಳಿದ ಮೇಲೆ, ಇಲ್ರಿ, ಇದು ತಪ್ಪಿ ಬಂದದ್ದು ಎಂದು ಹೇಗೆ ಹೇಳುವುದು? ಡಬ್ಬಿ ತೆಗೆದು ಬೂಟು ಹಾಕಿಕೊಂಡೆ. ಅಂಗಳದ ಫರಸಿಯ ಮೇಲೆ ನಡೆದರೆ ಟಕ್ ಟಕ್ ಎಂದು ಮದುವೆಯ ಕುದುರೆಯ ಸಪ್ಪಳ. ಪೂಜೆ ಮುಗಿಸಿ ಬಂದ ಇವರು ನನ್ನ ಕಾಲು ನೋಡಿದರು, ಮುಖ ನೋಡಿದರು, ಚಹಾದ ಬಸಿ ಎತ್ತಿಕೊಂಡರು. ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು.

ಗೇಟಿನ ಕಂಬ ಹಿಡಿದು ಅಭ್ಯಾಸ ಮಾಡಿದೆ. ಒತ್ತು, ಟಕ್. ಹಿಮ್ಮಡಿ ಹೊರಗೆ, ಟಕ್. “ನಿಂದ್ರೂಕಿಂತ ಮೊದಲ ಕಾಲ ಬಿಡಿಸ್ರಿ, ನಿಂತ ಮ್ಯಾಲ ಅಲ್ಲ. ಅದೊಂದ ನೆನಪಿಡ್ರಿ” ಎಂದರು ಡಾಕ್ಟರು. ನೆನಪಿಟ್ಟೆ.

ಖರೆ ಹೇಳಬೇಕೆಂದರೆ, ಆ ಪೆಡಲು ಕೆಟ್ಟದ್ದೇನಲ್ಲ. ಕಮತಗಿ ರಸ್ತೆಗೆ ಬಿದ್ದು ಮೊದಲ ದಿನ್ನೆ ಹತ್ತುವಾಗಲೇ ಅದರ ರುಚಿ ಗೊತ್ತಾಯಿತು. ಕಾಲನ್ನು ಒತ್ತುವಾಗ ಹೇಗೋ ಹಾಗೆ ಮೇಲಕ್ಕೆ ಎತ್ತುವಾಗಲೂ ಸೈಕಲ್ ಮುಂದೆ ಹೋಗುತ್ತಿತ್ತು. ಹಿಂದಿನಿಂದ ಯಾರೋ ಅಂಗೈಯಿಟ್ಟು ನೂಕಿದ ಹಾಗೆ. ದಿನಾ ದಮ್ಮು ಹತ್ತುವ ಜಾಗದಲ್ಲಿ ನನಗೆ ದಮ್ಮು ಹತ್ತಲಿಲ್ಲ. ಹಳದಿ ಅಂಗಿ ನನ್ನ ಬಲಗಡೆಗೇ ಇತ್ತು. ಇಬ್ಬರ ನೆರಳೂ ಬೇಲಿಯ ಜಾಲಿಗಿಡಗಳ ಮೇಲೆ ಜೋಡಿಯಾಗಿ ಓಡುತ್ತಿದ್ದವು. ಹೀಗೆಯೇ ಇದ್ದರೆ ತಪ್ಪಿ ಬಂದದ್ದೂ ಒಳ್ಳೆಯದೇ ಆಯಿತಲ್ಲ ಅಂದುಕೊಂಡೆ. ಒಂದೇ ಕೊರತೆ, ಮಾತಿಲ್ಲ. ಆ ವೇಗದಲ್ಲಿ ಮಾತಾಡಿದರೆ ಗಾಳಿಯೇ ಮಾತನ್ನು ತಿಂದುಹಾಕುತ್ತದೆ. ನಾನು ಎರಡು ಸಲ ಏನೋ ಹೇಳಹೋದೆ, ಅವರು “ಆಂ?” ಅಂದರು. ನಾನೂ ಬಿಟ್ಟೆ.

ದಿನ್ನೆ ಇಳಿದು ಸ್ವಲ್ಪ ದೂರ ಹೋಗಿರಬೇಕು. ಬಸ್ಸು ನಿಲ್ಲುವ ಬೇವಿನ ಗಿಡದ ಕೆಳಗೆ ತಪ್ಪಲಪಲ್ಯ ಮಾರುವ ಆಯಿ ನಿಂತಿದ್ದಳು. ಪ್ರತಿ ಮಂಗಳವಾರ ನಮ್ಮ ಸಾಲಿಗೆ ಮೆಂತ್ಯೆ, ರಾಜಗಿರಿ ಹೊತ್ತು ತರುವವಳು. ಪಕ್ಕದಲ್ಲಿ ಒದ್ದೆ ಬಟ್ಟೆ ಮುಚ್ಚಿದ ಬುಟ್ಟಿ. ನನ್ನ ಗುರುತು ಹಿಡಿದು ಕೈ ಎತ್ತಿ ಕೂಗಿದಳು.

“ಅಕ್ಕಾರ, ದೂರ ಹೊಂಟ್ರೇನ್ರಿ?”

ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು, ಹೋದ ಕೆಲಸ ಆಗುವುದಿಲ್ಲ ಎಂದು ನಮ್ಮ ಕಡೆ ಮಂದಿ ‘ದೂರ?’ ಎಂದಷ್ಟೇ ಕೇಳುತ್ತಾರೆ. ಅದು ಪ್ರಶ್ನೆಗಿಂತ ಹೆಚ್ಚಾಗಿ ಕರೆ. ಅದಕ್ಕೆ ಓಡುವ ಗಾಡಿಯ ಮೇಲಿಂದ ಉತ್ತರ ಎಸೆದು ಹೋಗುವುದು ನಮ್ಮಲ್ಲಿಲ್ಲ. ನಿಲ್ಲಬೇಕು, ನೆಲಕ್ಕೆ ಒಂದು ಕಾಲು ಊರಬೇಕು, ಇಲ್ಲೇ ಸ್ವಲ್ಪ ಅನ್ನಬೇಕು, ಅವರ ಮನೆಯವರನ್ನು ವಿಚಾರಿಸಬೇಕು. ಇದನ್ನು ನನಗೆ ಯಾರೂ ಹೇಳಿಕೊಟ್ಟದ್ದಲ್ಲ. ಕರೆ ಕಿವಿಗೆ ಬೀಳುವುದು, ಕೈ ಬ್ರೇಕು ಹಿಡಿಯುವುದು, ಎಡಗಾಲು ನೆಲಕ್ಕೆ ಹೋಗುವುದು, ಮೂರೂ ಒಟ್ಟಿಗೇ ಆಗುತ್ತವೆ.

ಬ್ರೇಕು ಹಿಡಿಯಿತು. ಎಡಗಾಲು ಹೋಗಲಿಲ್ಲ.

ಬೀಳುವುದಕ್ಕೆ ಅಷ್ಟು ಹೊತ್ತು ಹಿಡಿಯುತ್ತದೆಂದು ನನಗೆ ಗೊತ್ತಿರಲಿಲ್ಲ. ಸೈಕಲ್ ನಿಂತಿತು, ಆಮೇಲೆ ನಾನೂ ಅದೂ ಕೂಡಿಯೇ ಎಡಕ್ಕೆ ಸಾವಕಾಶ ವಾಲಿದೆವು. ಆಯಿಯ ಹಸಿರು ಬಳೆಗಳು, ಬುಟ್ಟಿಯ ಅಂಚಿನಿಂದ ಇಣುಕಿದ ಮೆಂತ್ಯೆಯ ಎಲೆ, ಎಲ್ಲವನ್ನೂ ನೋಡುತ್ತಲೇ ಬಿದ್ದೆ. ಪುಣ್ಯಕ್ಕೆ ಅಂಚಿನಲ್ಲಿ ಮೆತ್ತನೆಯ ಎರೆಮಣ್ಣು. ಮೊಣಕೈ ತರಚಿತು, ಅಷ್ಟೆ. ಆದರೆ ಏಳಲು ಆಗಲಿಲ್ಲ. ಬಲಗಾಲು ಬೀಳುವಾಗಲೇ ಬಿಡಿಸಿಕೊಂಡಿತ್ತು, ಎಡಗಾಲಿನ ಬೂಟು ಪೆಡಲನ್ನು ಬಿಡಲೇ ಒಲ್ಲದು. ಹಿಮ್ಮಡಿ ಒಳಗೆ ತಿರುವಬೇಕೋ ಹೊರಗೋ, ಎಲ್ಲ ಮರೆತುಹೋಗಿತ್ತು.

ಆಯಿ ಓಡಿ ಬಂದು ನನ್ನನ್ನು ನೋಡಿದಳು, ಕಾಲು ನೋಡಿದಳು.

“ಅಯ್ ಯವ್ವಾ, ಕಾಲು ಕಟ್ಟಿಹಾಕ್ಯಾರಲ್ರಿ ಯಾರೋ. ನಿಮ್ಮ ಮನಿಯವರೇನು?”

“ಅಲ್ಲ ಆಯಿ, ನಾನ ಕಟ್ಟಿಸ್ಕೊಂಡೀನಿ” ಎಂದೆ. ಹೇಳಿದ್ದೇ ತಡ ನನಗೆ ನಗು ಬಂದುಬಿಟ್ಟಿತು. ಬಿದ್ದಲ್ಲೇ ನಗುತ್ತಿದ್ದೆ. ಅವಳು ಬೂಟಿನ ಪಟ್ಟಿ ಬಿಚ್ಚಿದಳು, ನಾನು ಕಾಲನ್ನು ಹೊರಗೆಳೆದುಕೊಂಡೆ. ಬೂಟು ಮಾತ್ರ ಒಂಟಿಯಾಗಿ ಪೆಡಲಿಗೆ ಕಚ್ಚಿಕೊಂಡೇ ನಿಂತಿತ್ತು, ಇನ್ನೂ ಯಾರೋ ತುಳಿಯುತ್ತಿರುವ ಹಾಗೆ.

ನನ್ನ ಸುಳಿವಿಲ್ಲದ್ದು ಕಂಡು ಡಾಕ್ಟರು ತಿರುಗಿ ಬರುವಷ್ಟರಲ್ಲಿ ಆಯಿಯ ಬಸ್ಸು ಬಂದಿತ್ತು. ಅವಳು ಬುಟ್ಟಿ ಏರಿಸಿಕೊಂಡು ಹೋಗುತ್ತ, “ಆ ಬೂಟು ಬಿಡ್ರಿ ಅಕ್ಕಾರ, ಬರೇಗಾಲು ಬೇಕಾದಷ್ಟಾತು” ಎಂದು ಬಾಗಿಲಿಂದ ಹೇಳಿದಳು. ನಾವಿಬ್ಬರೂ ಅಲ್ಲೇ ಪಕ್ಕದ ಸಣ್ಣ ಸೇತುವೆಯ ಕಟ್ಟೆಯ ಮೇಲೆ ಕೂತೆವು. ಡಾಕ್ಟರು ನನ್ನ ಮೊಣಕೈಗೆ ಬಾಟಲಿಯ ನೀರು ಸುರಿದರು, ಮುಂಗೈ ಹಿಡಿದು ಅತ್ತಿತ್ತ ತಿರುಗಿಸಿ ನೋಡಿದರು. ಮುಖ ಬಾಡಿತ್ತು.

“ನಾ ಹೇಳಬಾರದಿತ್ತು ನಿಮಗ ಹಾಕ್ಸ್ರಿ ಅಂತ.”

“ನೀವು ಹೇಳಿದ್ದಕ್ಕ ಹಾಕ್ಸಿಲ್ರಿ. ನಾ ಬ್ಯಾಡಂತನ ಹೇಳಿದ್ದೆ. ಅದಕ್ಕ ಕ್ಲಿಪ್‌ಲೆಸ್ ಹಾಕ್ರಿ ಅಂದೆ.”

ಅವರು ನಗಲು ಶುರು ಮಾಡಿದವರು ನಿಲ್ಲಿಸಲೇ ಇಲ್ಲ. ಕಟ್ಟೆಯಿಂದ ಜಾರಿ ಹೊಟ್ಟೆ ಹಿಡಿದು ನೆಲದ ಮೇಲೆ ಕೂತರು. ಕಣ್ಣು ಒರೆಸಿಕೊಂಡು ಹೇಳಿದರು. ಹಿಂದೆ ರೇಸಿನವರು ಪಾದದ ಸುತ್ತ ಪಂಜರದಂಥ ಪಟ್ಟಿ ಕಟ್ಟಿಕೊಳ್ಳುತ್ತಿದ್ದರಂತೆ. ಕ್ಲಿಪ್ ಎಂದರೆ ಅದು. ಆಮೇಲೆ ಪಂಜರ ಹೋಗಿ ಬೂಟನ್ನೇ ಕಚ್ಚುವ ಪೆಡಲು ಬಂತು. ಪಂಜರ ಇಲ್ಲದ್ದಕ್ಕೆ ಅದು ಕ್ಲಿಪ್‌ಲೆಸ್. ಫ್ಲ್ಯಾಟ್ ಎಂದರೆ ಸಾದಾ, ಸಪಾಟಾದ ಪೆಡಲು. ಅಂದರೆ ಕ್ಲಿಪ್ಪು ಇಲ್ಲ ಎಂಬ ಹೆಸರಿನದೇ ಗಟ್ಟಿಯಾಗಿ ಹಿಡಿಯುವುದು. ಸಿಸ್ಟರು ಇದ್ದಿದ್ದರೆ ಒಪ್ಪುತ್ತಿರಲಿಲ್ಲ.

ನಗು ಮುಗಿದ ಮೇಲೆ ಅವರು ಮತ್ತೆ ಕಟ್ಟೆಯ ಮೇಲೆ ಬಂದು ಕೂತರು. ಇಳಕಲ್ಲಿನ ಮಾತು ಇಬ್ಬರ ನಡುವೆಯೇ ಇತ್ತು, ಎತ್ತುವವರು ಯಾರು?

“ನಾ ಸಾದಾನ ಹಾಕ್ಸ್ತೇನ್ರಿ” ಎಂದೆ ನಾನು. “ಕಾಲು ನೆಲಕ್ಕ ಬರಬೇಕು ನನಗ. ಮನ್ಯಾಗ ದಿನಾ ಯಾರ ಕರೀತಾರ ಹೇಳ್ರಿ. ಕುಕ್ಕರ್ ಕರೀತೈತಿ. ಹೊರಗ ಬಂದ್ರ ಮಂದಿ ಕರೀತಾರ. ನಾ ಅದಕ್ಕ ಬರ್ತೇನಿ ಅನಸ್ತೈತಿ.”

ಅವರು ಹುಲ್ಲಿನ ಕಡ್ಡಿ ಕಿತ್ತು ಬೆರಳಿಗೆ ಸುತ್ತುತ್ತಿದ್ದರು. “ನಾ ಇವನ್ನ ಬಿಡಂಗಿಲ್ಲ ಅಕ್ಕಾರ. ಸಿಟ್ಟ ಮಾಡ್ಕೋಬ್ಯಾಡ್ರಿ. ದವಾಖಾನ್ಯಾಗ ಹೊತ್ತ ಮುಳುಗೂತನಕ ಡಾಕ್ಟರ್ರ, ಡಾಕ್ಟರ್ರ. ಮನಿಗೆ ಹೋದ್ರ ಮಮ್ಮಿ, ಮಮ್ಮಿ. ಮುಂಜಾನಿ ಒಂದ್ ತಾಸರೆ ಯಾರೂ ಕರೀಬಾರ್ದು ಅಂತ ನಾ ಬರೂದು.”

ಎರಡು ವರ್ಷ ಜೋಡಿ ತಿರುಗಿದರೂ ಇದು ನಮಗಿಬ್ಬರಿಗೂ ಗೊತ್ತಿರಲಿಲ್ಲ. ನನಗೆ ಬೇಜಾರಾಗಲಿಲ್ಲ. ಬಾದಾಮಿಯ ದಾರಿಯಲ್ಲಿ ಸಣ್ಣದಾಗುತ್ತ ಹೋದ ಆ ಹಳದಿ ಬೆನ್ನು ನನ್ನನ್ನು ಬಿಟ್ಟು ಓಡುತ್ತಿರಲಿಲ್ಲ, ಹಾಗಾದರೆ. ಬೇರೆ ಏನನ್ನೋ ಬಿಟ್ಟು ಓಡುತ್ತಿತ್ತು.

ವಾಪಸು ಬರುವಾಗ ಬೂಟುಗಳನ್ನು ಹ್ಯಾಂಡಲಿಗೆ ಕಟ್ಟಿ, ಬರೀ ಕಾಲುಚೀಲದಲ್ಲಿ ಆ ಕಬ್ಬಿಣದ ತುಂಡನ್ನು ತುಳಿಯುತ್ತ ಮೆಲ್ಲಗೆ ಬಂದೆ. ಮತ್ತೆ ಬಿದ್ದೇನೆಂದು ಡಾಕ್ಟರು ನನ್ನ ಹಿಂದೆಯೇ ಬಂದರು. ಅಷ್ಟು ದಿನಗಳಲ್ಲಿ ಅವರು ನನ್ನ ಹಿಂದೆ ಬಂದದ್ದು ಅದೇ ಮೊದಲು. ನಮ್ಮ ಗೇಟು ಮುಟ್ಟಿದಾಗ ಹೇಳಿದರು, “ನೀವು ಹಾದ್ಯಾಗ ಎಷ್ಟ ಮಂದಿಗೆ ಗೋಣು ಹಾಕ್ತೀರಿ ಅಕ್ಕಾರ. ಹಿಂದ ನಿಂತು ನೋಡ್ಬೇಕು ಅದನ್ನ.” ಪೆಡಲಿನ ಮೇಲೆ ಕಾಲಿಟ್ಟವರು ಮತ್ತೆ ತೆಗೆದರು. “ಹಿಂಗ ಮಾಡೂಣು. ನಾಳಿ ನೀವು ಕತ್ತಲಾಗಿದ್ದಾಂಗ ಮೊದಲ ಬಿಡ್ರಿ. ಎಷ್ಟ ಮಂದೀನ ಮಾತಾಡಸ್ತೀರಿ ಮಾತಾಡಸ್ಕೋತ ಹೋಗ್ರಿ. ನಾ ಹಿಂದಿಂದ ಬಂದು ಕಮತಗ್ಯಾಗ ಹಿಡೀತೇನಿ. ಅಲ್ಲಿ ಚಾ. ಮುಂದ ಹುನಗುಂದದಾಗ ಮತ್ತ ಹಿಡೀತೇನಿ. ಇಳಕಲ್ಲಿನ ಅಗಸಿ ಬಾಗಿಲಿಗೆ ಜೋಡೀಲೇ ಹೋಗೂದು.”

“ನಾ ಸಿಗಲಿಲ್ಲಂದ್ರ?”

“ಸಿಗ್ತೀರಿ ಬಿಡ್ರಿ. ಎಲ್ಲೆರೆ ಒಂದು ಗಿಡದ ಕೆಳಗ ನಿಂತು ಮಾತಾಡ್ತಿರ್ತೀರಿ.”

ರೊಟ್ಟಿ ಅಂದು ನಿಜಕ್ಕೂ ತಡವಾಯಿತು. ಬಡಿಯುವಾಗ ಮೊಣಕೈ ಚುರುಗುಟ್ಟಿತು. ಇವರಿಗೆ ಪೂರ್ತಿ ಕಥೆ ಹೇಳಿದೆ. ಶೇಂಗಾ ಹಿಂಡಿಗೆ ಮೊಸರು ಕಲಸುತ್ತ ಕೇಳಿದರು, ಕೊನೆಗೆ, “ನಿಮ್ಮಪ್ಪ ಕಾನ್ವೆಂಟಿಗೆ ಹಾಕಿದ್ದು ದಂಡ ಆತು ನೋಡು” ಎಂದರು. ಊಟವಾದ ಮೇಲೆ ತಾವೇ ಹತ್ತಿಯಲ್ಲಿ ಮುಲಾಮು ಹಚ್ಚಿದರು. ಮುಲಾಮಿನ ಮುಚ್ಚಳ ಹಾಕುತ್ತ, “ನಾಳಿ ಹೋಗಾಕಿ ಅಲಾ? ವೈನಿ ಹೋಳಿಗಿ ಮಾಡಿದ್ರ ನನಗ ಕಟ್ಟಿಸ್ಕೊಂಡ ಬಾ” ಅಂದರು. ಆ ಮಾತಿಗೇ ನಾನು ಕಾಯುತ್ತಿದ್ದೆ.

ಮಧ್ಯಾಹ್ನ ಸೈಕಲ್ಲನ್ನು ಅಂಗಡಿಗೆ ನೂಕಿಕೊಂಡು ಹೋದೆ. ಅಂಗಡಿಯವರು ಸ್ಪ್ಯಾನರು ಹಿಡಿದು ನಿಂತರು. “ನಾ ಕೇಳಿದ್ನಲ್ರಿ ಅಕ್ಕಾರ.”

“ನೀವು ಕೇಳಿದ್ದು ಬರೋಬರಿ ಐತಿ. ನಾ ಹೇಳಿದ್ದೂ ಬರೋಬರಿ ಐತಿ. ಹೆಸರಿಟ್ಟವರ ತಪ್ಪು.”

“ಹಂಗಾರ ಈಗ ಫ್ಲ್ಯಾಟ್?”

“ಫ್ಲ್ಯಾಟ್” ಎಂದೆ. ಆ ಪದ ಈಗ ಪಂಕ್ಚರಿನ ಹಾಗೆ ಕೇಳಿಸಲಿಲ್ಲ. ಸಪಾಟು ಮಾಳಿಗೆಯ ಹಾಗೆ, ಅಂಗೈಯ ಹಾಗೆ ಕೇಳಿಸಿತು. ಅಗಲವಾದ ಕಪ್ಪು ಪೆಡಲು, ಕಾಲು ಜಾರದಂತೆ ಮೇಲೆ ಸಣ್ಣ ಸಣ್ಣ ಮೊಳೆಯ ತಲೆಗಳು. ಚಪ್ಪಲಿ ಹಾಕಿಕೊಂಡೂ ತುಳಿಯಬಹುದು. ಬೂಟಿನ ಡಬ್ಬಿಯನ್ನು ಡಾಕ್ಟರಿಗೆ ಹಿಂದಿರುಗಿಸಬೇಕೆಂದು ಗೇಟಿನ ಹತ್ತಿರವೇ ಇಟ್ಟೆ.

ಹೊತ್ತು ಮುಳುಗುವ ಮುಂಚೆ ಹೊಸ ಪೆಡಲಿನ ಮೇಲೆ ನಮ್ಮ ಸಾಲಿನಲ್ಲೇ ಒಂದು ಸುತ್ತು ಹಾಕಿ ಬರುತ್ತಿದ್ದೆ. ಮೂಲೆಯ ಮನೆಯ ಕಾಕು ಕಂಪೌಂಡಿನ ಮೇಲೆ ಕೊತ್ತಂಬರಿ ಹರವಿಕೊಂಡು ಕೊಳೆತ ಎಲೆ ಆರಿಸುತ್ತಿದ್ದರು. ತಲೆ ಎತ್ತದೆಯೇ ಕೇಳಿದರು.

“ದೂರ ಹೊಂಟ್ರೇನ್ರಿ?”

ಎಡಗಾಲು ತಾನೇ ನೆಲಕ್ಕೆ ಬಂತು. “ಇಲ್ರಿ ಕಾಕು, ಇಲ್ಲೇ.”

“ಹಂಗಾರ ಈ ಕೊತ್ತಂಬರಿ ಒಂದ ಹಿಡಿ ಒಯ್ರಿ, ನಮಗ ಭಾಳ ಆತು. ನಿಮ್ಮ ಡಾಕ್ಟರಬಾಯಾರು ಮುಂಜಾನಿ ಸೈಕಲ್ ಮ್ಯಾಲ ಹಿಂಗ ಹಾದ್ರು, ಅವರ್ನೂ ಕರದೆ, ಕೇಳಸಲಿಲ್ಲ ಕಾಣ್ತೈತಿ. ಅವರ್ದೂ ಅರ್ಧಾ ನಿಮ್ಮ ಕೈಯಾಗ ಕೊಟ್ಟಿರ್ತೇನಿ, ನಾಳಿ ಸಿಗ್ತಾರಲಾ.”